ಬಾಟಲಿ ಬಿಡದ ಬೆಕ್ಕಿನ ಮರಿ ತಟ್ಟೆಗೆ ಬಂದದ್ದು ಹೀಗೆ

ತಾಯಿ ಇಲ್ಲದ ಮರಿ. ಬಾಟಲಿ ಹಾಲಿಗೇನೋ ಚೆನ್ನಾಗಿ ಒಗ್ಗಿಕೊಂಡಿತ್ತು, ಆದರೆ 5 ವಾರ ತುಂಬಿದರೂ ತಟ್ಟೆ ಮೂಸಿ ಹಿಂದೆ ಸರಿಯುತ್ತಿತ್ತು. ಸಾಮಾನ್ಯವಾಗಿ 4 ವಾರಕ್ಕೇ ತಟ್ಟೆ ಊಟ ಶುರು ಮಾಡಬಹುದು. ನಿಪ್ಪಲ್ ಚೀಪೋದು ಬಿಟ್ಟು ಕಚ್ಚುತ್ತಿದ್ದರೆ ಹೊತ್ತು ಬಂದಿದೆ ಅಂತಲೇ.

ಕೊನೆಗೆ ಕೆಲಸ ಮಾಡಿದ್ದು ಬೆರಳು. ಮರಿಗಳ ವೆಟ್ ಫುಡ್‌ಗೆ (ಮೆತ್ತಗಿರುವ ಸಿದ್ಧ ಆಹಾರ) ಅದು ಕುಡಿಯುತ್ತಿದ್ದ, ಬೆಕ್ಕಿನ ಮರಿಗಳಿಗೆಂದೇ ಮಾಡಿದ ಫಾರ್ಮುಲಾ ಹಾಲನ್ನೇ ಬೆರೆಸಿ (ಹಸುವಿನ ಹಾಲು ಬೇಡ, ಭೇದಿ ಆಗಬಹುದು), ತೆಳು ಗಂಜಿ ಹದಕ್ಕೆ ತಂದು, ಉಗುರುಬೆಚ್ಚಗೆ ಮಾಡಿ ಬೆರಳ ತುದಿಯಿಂದ ನೆಕ್ಕಿಸಿದೆ. ನೆಕ್ಕುತ್ತಿದ್ದ ಹಾಗೇ ಬೆರಳನ್ನು ಮೆಲ್ಲಗೆ ತಟ್ಟೆಗೆ ಇಳಿಸಿದೆ. ಮೂಗಿಗೆ ಮೆತ್ತಿಕೊಂಡು ಸೀನಿತು, ಎರಡೂ ಮುಂಗಾಲು ತಟ್ಟೆಯೊಳಗೆ ಇಟ್ಟು ನಿಂತಿತು, ಆಮೇಲೆ ಕಾಲು ನೆಕ್ಕಿಕೊಳ್ಳುವಾಗ ರುಚಿ ಹತ್ತಿತು ನೋಡಿ! ಅಂಚು ಎತ್ತರ ಇಲ್ಲದ ತಟ್ಟೆ ಇರಲಿ. ಮುಖ ಹಿಡಿದು ಮಾತ್ರ ಒತ್ತಬೇಡಿ, ಉಸಿರಿಗೆ ಹೋದರೆ ಅಪಾಯ.

ಬಾಟಲಿಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಮೊದಲು ತಟ್ಟೆ, ಹೊಟ್ಟೆ ತುಂಬದಿದ್ದರೆ ಬಾಟಲಿ, ಅದೂ ಮರಿಯನ್ನು ಬೋರಲಾಗಿ ಇಟ್ಟುಕೊಂಡೇ, ಅಂಗಾತ ಮಲಗಿಸಿ ಅಲ್ಲ. ದಿನಾ ತೂಕ ನೋಡುತ್ತಿದ್ದೆ. ಹೆಚ್ಚುಕಮ್ಮಿ 10 ಗ್ರಾಂ ಏರಬೇಕು, ಇಳಿಯುತ್ತಿದ್ದರೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಗಟ್ಟಿ ಆಹಾರ ಜಾಸ್ತಿಯಾದಂತೆ ಪಕ್ಕದಲ್ಲಿ ನೀರೂ ಬೇಕು, ಅದನ್ನೂ ತುಳಿದು ಚೆಲ್ಲುತ್ತದೆ ಅನ್ನೋದು ಬೇರೆ ಮಾತು.