ಬಿತ್ತುವ ದಿನ ಬಿಟ್ಟೆ, ಹೂವಿನ ದಿನ ಹಿಡಿದೆ

ಈ ಸಲ ಟೊಮ್ಯಾಟೊ ಸಸಿ ಮಡಿಗಿಳಿಸಿದ ಸಂಜೆ ಮಣ್ಣಿನ ಬಿಸಿ 34 ಡಿಗ್ರಿ ತೋರಿಸ್ತಿತ್ತು. ಪಕ್ಕದ ತೋಟದ ಗೆಳತಿ ಬೇಲಿ ಆಚೆಯಿಂದಲೇ, "ಏನ್ರೀ, ಸಸಿ ನೆಡ್ತಿದ್ದೀರೋ ಹುರೀತಿದ್ದೀರೋ?" ಅಂದ್ರು. ಅವರ ಬಟಾಣಿ ಆಗಲೇ ಎರಡೆಲೆ ಬಿಟ್ಟಿತ್ತು, ನನ್ನ ಬಟಾಣಿ ಬೀಜ ಇನ್ನೂ ಡಬ್ಬಿಯಲ್ಲೇ ಇತ್ತು. ಅದಕ್ಕೂ ಒಂದು ಮಾತು ಬಂತು: "ಎಲ್ಲಾ ತಿರುಗುಮುರುಗು ಮಾಡ್ತೀರಪ್ಪ ನೀವು." ನಾನು ಸುಮ್ಮನೆ ನಕ್ಕೆ. ಹನ್ನೆರಡು ವಾರ ಕಳೆದ ಮೇಲೆ ಅದೇ ಬೇಲಿ ದಾಟಿ, ಕೈಯಲ್ಲಿ ಖಾಲಿ ಬುಟ್ಟಿ ಹಿಡ್ಕೊಂಡು ಬಂದ್ರು. ಆಗಲೂ ನಕ್ಕೆ, ಆದ್ರೆ ಸುಮ್ಮನೆ ಅಲ್ಲ.

ಇದು ಹಿಮ ಬೀಳದ, ಬಿಸಿಲೇ ಜಾಸ್ತಿ ಇರುವ ಕಡೆ ತೋಟ ಮಾಡುವವರಿಗೆ ಬರೆದಿದ್ದು. ಮಡಿ ಮಾಡೋದು, ಟ್ರೇಯಲ್ಲಿ ಸಸಿ ಎಬ್ಬಿಸೋದು ನಿಮಗೆಲ್ಲ ಗೊತ್ತಿರುತ್ತೆ, ಅದನ್ನ ಮತ್ತೆ ಹೇಳಲ್ಲ. ಬೇಸಿಗೆ ಇಳಿದು ಚಳಿ ಏರುವ ಆ ಸಂಧಿಕಾಲದಲ್ಲಿ ಏನು ಹಾಕಬೇಕು, ಏನು ಹಾಕಬಾರದು ಅನ್ನೋದೇ ನನಗೆ ಮೂರು ವರ್ಷ ತಲೆಗೆ ಹತ್ತಲಿಲ್ಲ. ನನ್ನದು ಹನ್ನೊಂದು ಮಡಿ, ಒಂದೊಂದೂ ಹತ್ತಡಿ ಉದ್ದ, ಮೂರಡಿ ಅಗಲ. ಅಷ್ಟರಲ್ಲೇ ಎಷ್ಟು ದುಡ್ಡು ಹೂಳಬಹುದೋ ಅಷ್ಟೂ ಹೂಳಿದ್ದೇನೆ.

ಮೊದಲನೇ ವರ್ಷ ಒಂದು ಸಂಜೆ ತಣ್ಣನೆ ಗಾಳಿ ಬೀಸಿತು. ಅಷ್ಟಕ್ಕೇ ಚಳಿಗಾಲ ಬಂತು ಅಂದ್ಕೊಂಡು ಬಟಾಣಿ, ಕ್ಯಾರೆಟ್, ಲೆಟ್ಯೂಸ್, ಹೂಕೋಸು, ಬೀಟ್‌ರೂಟ್ ಎಲ್ಲಾ ಒಂದೇ ಭಾನುವಾರ ಹಾಕಿಬಿಟ್ಟೆ. ಗಾಳಿ ಎರಡು ದಿನಕ್ಕೆ ನಿಂತಿತು, ಬಿಸಿಲು ಐದು ವಾರ ನಿಂತಿತು. ಬಟಾಣಿ ಅರ್ಧಕ್ಕರ್ಧ ಮಣ್ಣಲ್ಲೇ ಕೊಳೆಯಿತು. ಎದ್ದ ಬಳ್ಳಿಗಳು ಮೊಣಕಾಲೆತ್ತರಕ್ಕೆ ಬಂದು ಬುಡದಿಂದ ಹಳದಿಯಾಗಿ ಸೊರಗಿದವು. ಕಿತ್ತು ಕಾಂಡ ಸೀಳಿ ನೋಡಿದ್ರೆ ಒಳಗೆಲ್ಲ ಕಂದು ಬಣ್ಣ. ಸೊರಗು ರೋಗದ ಶಿಲೀಂಧ್ರಕ್ಕೆ ಕಾದ ಮಣ್ಣು ಅಂದ್ರೆ ಹಬ್ಬ. ಲೆಟ್ಯೂಸ್ ಒಂದು ಬೀಜವೂ ಏಳಲಿಲ್ಲ. ಬೀಜ ಹಳೇದು ಅಂತ ಮಾರಿದವರ ಹತ್ತಿರ ಜಗಳ ಮಾಡಿ ಇನ್ನೊಂದು ಪೊಟ್ಟಣ ತಂದೆ, ಅದೂ ಏಳಲಿಲ್ಲ. ಪಾಪ, ತಪ್ಪು ಬೀಜದ್ದಲ್ಲ. ಮಣ್ಣು ಮೂವತ್ತರ ಹತ್ತಿರ ಕಾದಿದ್ರೆ ಲೆಟ್ಯೂಸ್ ಬೀಜ ನಿದ್ದೆ ಹೋಗುತ್ತೆ, ಸಾಯಲ್ಲ. ಎರಡು ತಿಂಗಳಾದ ಮೇಲೆ ಅದೇ ಮಡಿಯಲ್ಲಿ, ಮೂಲಂಗಿ ಸಾಲಿನ ಮಧ್ಯೆ, ಕರೆಯದ ಅತಿಥಿ ಹಾಗೆ ನಾಲ್ಕು ಲೆಟ್ಯೂಸ್ ಎದ್ದು ನಿಂತಿದ್ದವು.

ಎರಡನೇ ವರ್ಷ ಪುಸ್ತಕ ನೋಡಿದೆ. ಚಳಿ ದೇಶದವರ ಪುಸ್ತಕ. "ಮೊದಲ ಹಿಮ ಬೀಳುವ ದಿನದಿಂದ ಇಷ್ಟು ವಾರ ಹಿಂದಕ್ಕೆ ಎಣಿಸಿ ಬಿತ್ತಿ" ಅಂತ ಪ್ರತಿ ಪುಟದಲ್ಲೂ ಇತ್ತು. ಹಿಮವೇ ಬೀಳದ ಕಡೆ ಎಲ್ಲಿಂದ ಎಣಿಸೋದು? ಪುಸ್ತಕ ಮುಚ್ಚಿಟ್ಟು ನೆರೆಹೊರೆಯವರು ಹಾಕಿದ ದಿನವೇ ನಾನೂ ಹಾಕಿದೆ. ಈ ಸಲ ಟೊಮ್ಯಾಟೊ ಕೈಕೊಟ್ಟಿತು. ಎಲ್ಲರ ಹಾಗೆ ಚಳಿ ಚೆನ್ನಾಗಿ ಕೂತ ಮೇಲೆ ನೆಟ್ಟಿದ್ದೆ. ಗಿಡ ಬೆಳೆದು ಹೂ ತುಂಬಿಕೊಳ್ಳುವಷ್ಟರಲ್ಲಿ ತಣ್ಣನೆ ರಾತ್ರಿಗಳಲ್ಲಿ ಮುಕ್ಕಾಲು ಪಾಲು ಮುಗಿದಿತ್ತು. ಮೊದಲ ಎರಡು ಗೊಂಚಲು ಕಾಯಿ ಕಟ್ಟಿತು, ಆಮೇಲೆ ಬಂದ ಹೂವೆಲ್ಲ ತೊಟ್ಟು ಹಳದಿಯಾಗಿ ಉದುರಿತು. ನಮ್ಮನೆಯವರಿಗೆ ಖರ್ಚಿನ ಪುಸ್ತಕ ಬರೆಯುವ ಚಟ. ಆ ವರ್ಷ ಬೀಜ, ಗೊಬ್ಬರ, ಕಡ್ಡಿ, ದಾರಕ್ಕೆ ಹಾಕಿದ ಹಣಕ್ಕೆ ಅದೇ ತರಕಾರಿಯನ್ನ ಕೊಂಡು ತಿಂದಿದ್ರೆ ಎರಡೂವರೆ ಪಟ್ಟು ಬರ್ತಿತ್ತು ಅಂತ ಲೆಕ್ಕ ತೋರಿಸಿದರು. "ನಿನ್ನ ಟೊಮ್ಯಾಟೊ ಚಿನ್ನದ್ದು, ಸಾರಿಗೆ ಹಾಕಬೇಡ, ಲಾಕರಿನಲ್ಲಿಡು" ಅಂದ್ರು.

ಮೂರನೇ ವರ್ಷದ ಹೂಕೋಸಿನ ಕಥೆಗೆ ನನ್ನ ಜಿಪುಣತನವೇ ಕಾರಣ. ಸಸಿ ಮಾರುವವರೊಬ್ಬರು ಮಿಕ್ಕ ಟ್ರೇಗಳನ್ನ ಅರ್ಧ ದುಡ್ಡಿಗೆ ಕೊಟ್ಟರು. ಎಂಟು ವಾರ ಟ್ರೇಯಲ್ಲೇ ನಿಂತಿದ್ದ ಸಸಿ. ಬುಡ ಕಡ್ಡಿ ಹಾಗೆ ಗಟ್ಟಿಯಾಗಿತ್ತು, ಬೇರು ಗುಳಿಯೊಳಗೇ ಸುರುಳಿ ಸುತ್ತಿಕೊಂಡಿತ್ತು. ಗಟ್ಟಿ ಸಸಿ, ಒಳ್ಳೇದೇ ಅಂದ್ಕೊಂಡೆ. ನೆಟ್ಟು ತಿಂಗಳಾಗುವಷ್ಟರಲ್ಲಿ ಹೂ ಕಾಣಿಸಿತು, ಮನೆಮಂದಿಯೆಲ್ಲ ಕರೆದು ತೋರಿಸಿದೆ. ಮಾರನೇ ವಾರವೂ ಅಷ್ಟೇ ಇತ್ತು, ಅದರ ಮಾರನೇ ವಾರವೂ ಅಷ್ಟೇ. ನಿಂಬೆಹಣ್ಣಿನ ಗಾತ್ರದಲ್ಲೇ ನಿಂತು, ಬಿರಿದು, ಹಳದಿ ಹೂವಾಯಿತು. ಅರವತ್ತು ಗಿಡದಲ್ಲಿ ಸಾರಿಗೆ ಬಂದಿದ್ದು ಏಳೋ ಎಂಟೋ. ಮುದಿ ಸಸಿ ನೆಟ್ಟರೆ ಗಿಡ ಎಲೆ ಬೆಳೆಸುವ ಮೊದಲೇ ಹೂ ಕಟ್ಟಿಬಿಡುತ್ತೆ. ಹೂವಿಗೆ ಊಟ ಹಾಕೋ ಎಲೆಯೇ ಇಲ್ಲದ ಮೇಲೆ ಅದು ದೊಡ್ಡದಾಗೋದು ಎಲ್ಲಿಂದ? ಅರ್ಧ ದುಡ್ಡಿಗೆ ಬಂತು ಅಂತ ಹಿಗ್ಗಿದ್ದೆ, ಹೋಗಿದ್ದು ಎರಡು ಮಡಿಯ ಇಡೀ ಚಳಿಗಾಲ.

ಅದೇ ವರ್ಷ ಚೆಂದದ ಚಿತ್ರ ನೋಡಿ ಒಂದು ಈರುಳ್ಳಿ ಬೀಜವನ್ನೂ ಹಾಕಿದ್ದೆ. ಸೊಪ್ಪು ಸೊಂಟದವರೆಗೆ ಬಂತು, ಬುಡ ಮಾತ್ರ ದಪ್ಪವಾಗಲೇ ಇಲ್ಲ. ಅದು ಹದಿನಾಲ್ಕು ಗಂಟೆಗೂ ಮೀರಿದ ಹಗಲು ಬೇಡುವ ತಳಿ ಅಂತ ಆಮೇಲೆ ಗೊತ್ತಾಯ್ತು. ಚಳಿಗಾಲದ ಗಿಡ್ಡ ಹಗಲಲ್ಲಿ ಅದು ಏಳು ಜನ್ಮಕ್ಕೂ ಗಡ್ಡೆ ಕಟ್ಟಲ್ಲ. ಸಣ್ಣ ಹಗಲಿನ ತಳಿ ಅಂತ ಖಾತ್ರಿ ಇಲ್ಲದ ಈರುಳ್ಳಿ ಬೀಜಕ್ಕೆ ಆಮೇಲೆ ಕೈಯೇ ಹಾಕಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಮುಚ್ಚಿಟ್ಟ ಆ ಪುಸ್ತಕವೇ. ಹಿಮ ನಮಗೆ ಬೇಡ, ಆದ್ರೆ ಹಿಂದಕ್ಕೆ ಎಣಿಸುವ ಉಪಾಯ ಬೇಕು. ಎಣಿಸಬೇಕಾದ್ದು ಬಿತ್ತೋ ದಿನದಿಂದಲ್ಲ, ಆ ಬೆಳೆಯ ನಾಜೂಕು ದಿನದಿಂದ. ಟೊಮ್ಯಾಟೊಗೆ ಅದು ಕಾಯಿ ಕಟ್ಟುವ ಹೊತ್ತು, ಬಟಾಣಿಗೆ ಹೂವಿನ ಹೊತ್ತು, ಹೂಕೋಸಿಗೆ ಹೂ ಮೂಡುವ ಹೊತ್ತು. ಆ ಹೊತ್ತು ತಂಪಿನೊಳಗೆ ಬೀಳಬೇಕು. ಉಳಿದ ದಿನ ಗಿಡ ಹೇಗೋ ತಡ್ಕೊಳ್ಳುತ್ತೆ, ಇಲ್ಲ ನಾವು ನೆರಳು ಕೊಟ್ಟು ತಡೆಸ್ಕೋಬಹುದು.

ಹೋದ ಎರಡು ವರ್ಷ ರಾತ್ರಿಯ ಉಷ್ಣಾಂಶ ಬರೆದಿಟ್ಟಿದ್ದೆ. ಯಾವ ವಾರದಿಂದ ರಾತ್ರಿ 20 ಡಿಗ್ರಿಗಿಂತ ಕೆಳಗೇ ಇರೋಕೆ ಶುರುವಾಗುತ್ತೋ ಅದನ್ನ ಸೊನ್ನೆ ವಾರ ಅಂತ ಕರೆದೆ. ಅಲ್ಲಿಂದ ಮಧ್ಯಾಹ್ನ ಮತ್ತೆ 32 ಮುಟ್ಟುವವರೆಗೆ ನನಗೆ ಸಿಗೋದು ಹದಿಮೂರು, ಹದಿನಾಲ್ಕು ವಾರ. ಅಷ್ಟೇ ನನ್ನ ಬಂಡವಾಳ. ಇದರೊಳಗೆ ಹಿಡಿಸದ ಬೆಳೆಗೆಲ್ಲ ಕಾಟು ಹೊಡೆದೆ. ತಡವಾಗಿ ಬರುವ ದೊಡ್ಡ ಹೂಕೋಸು ಮೊದಲು ಹೋಯಿತು. ಅದಕ್ಕೆ ಹತ್ತರಿಂದ ಹದಿನಾರು ಡಿಗ್ರಿ ಬೇಕು, ನನ್ನಲ್ಲಿ ಅಂಥ ದಿನ ಎಣಿಸಿದ್ರೆ ಎರಡು ವಾರವೂ ಆಗಲ್ಲ. ಬೇಗ ಬರುವ ತಳಿ ಇಪ್ಪತ್ತರ ಮೇಲಿದ್ದರೂ ಹೂ ಕಟ್ಟುತ್ತೆ, ಅದನ್ನ ಉಳಿಸಿಕೊಂಡೆ. ಪುಟಾಣಿ ಎಲೆಕೋಸಿನಂಥ ಬ್ರಸೆಲ್ಸ್ ಸ್ಪ್ರೌಟ್ ಆಸೆಯೂ ಅವತ್ತೇ ಬಿಟ್ಟೆ.

ಟೊಮ್ಯಾಟೊ ನೆಟ್ಟ ಮೇಲೆ ಹೂ ತುಂಬೋಕೆ ಸುಮಾರು ನಾಲ್ಕು ವಾರ. ರಾತ್ರಿ 22, 23 ದಾಟಿದ್ರೆ ಹೂ ಉದುರುತ್ತೆ. ಹಾಗಾಗಿ ಸೊನ್ನೆ ವಾರಕ್ಕೆ ಹೂ ಬೇಕು ಅಂದ್ರೆ ನಾಲ್ಕು ವಾರ ಮೊದಲೇ, ಆ ಉರಿಬಿಸಿಲಲ್ಲೇ, ನೆಡಬೇಕು. ನೆಟ್ಟಿದ್ದು ಸಂಜೆ. ಮೇಲೆ ಅರ್ಧ ಬಿಸಿಲು ತಡೆಯುವ ನೆರಳುಬಲೆ, ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣಹುಲ್ಲು. ಹುಲ್ಲು ಹೊದಿಸಿದ ಮಡಿಗೂ ಬರೀ ಮಡಿಗೂ ಮಧ್ಯಾಹ್ನ ಆರು ಡಿಗ್ರಿ ವ್ಯತ್ಯಾಸ ಕಂಡೆ. ಹನ್ನೆರಡು ದಿನಕ್ಕೆ ಬಲೆ ತೆಗೆದೆ. ಮೂವತ್ತಾರು ಸಸಿಯಲ್ಲಿ ಸತ್ತಿದ್ದು ಮೂರು, ಅದರಲ್ಲಿ ಒಂದನ್ನ ನಾನೇ ತುಳಿದಿದ್ದು.

ಬಟಾಣಿ ಇದರ ತದ್ವಿರುದ್ಧ. ಬಿತ್ತಿದ ಆರು ವಾರಕ್ಕೆ ಹೂ, ಆ ಹೂವಿಗೆ ಬಿಸಿ ಆಗಲ್ಲ. ಸೊನ್ನೆ ವಾರ ಮುಗಿಯೋವರೆಗೂ ಡಬ್ಬಿ ಬಿಚ್ಚಲಿಲ್ಲ. ಗೆಳತಿಯ ಬಳ್ಳಿ ಸೊರಗುವ ಹೊತ್ತಿಗೆ ನನ್ನದು ಮೊಳಕೆ. ಅವರ ಎರಡು ಮಡಿಗೆ ಒಂದೂವರೆ ಕಿಲೋ ಬಂತಂತೆ, ನನ್ನ ಒಂದೇ ಮಡಿಗೆ ಐದರ ಹತ್ತಿರ. ತೂಕ ನೆನಪಿನಿಂದ ಹೇಳ್ತಿದ್ದೇನೆ, ಕಾಲು ಕಿಲೋ ಆಚೀಚೆ ಇರಬಹುದು, ಇದ್ದರೆ ನನ್ನ ಪರವಾಗೇ ಇರುತ್ತೆ!

ಮಡಿಗೇ ಬೀಳುವ ಬೀಜಕ್ಕೆ ಮಾತ್ರ ಮಣ್ಣಿನ ಥರ್ಮಾಮೀಟರ್. ಎರಡು ಬೆರಳಗಲ ಆಳಕ್ಕೆ ಚುಚ್ಚಿ ಮಧ್ಯಾಹ್ನ ಮೂರಕ್ಕೆ ನೋಡ್ತೇನೆ. ಮೂವತ್ತರ ಮೇಲಿದ್ದಾಗ ಹಾಕೋದು ಹುರುಳಿಕಾಯಿ, ಮೂಲಂಗಿ, ಪಾಲಕ್. ಪಾಲಕ್ ಅಂದ್ರೆ ನಾವು ದಿನಾ ತರೋ ಸೊಪ್ಪು, ಅದು ಬೀಟ್‌ರೂಟಿನ ಬಳಗ, ಸೆಕೆಗೆ ಜಗ್ಗಲ್ಲ. ಸ್ಪಿನಾಚ್ ಅಂತ ಪೊಟ್ಟಣದ ಮೇಲೆ ಬರೆದಿರೋದು ಬಹಳ ಸಲ ಬೇರೆಯೇ ಗಿಡ. ಅದಕ್ಕೆ ಮಣ್ಣು ಇಪ್ಪತ್ತರ ಆಸುಪಾಸಿಗೆ ಇಳಿಯಬೇಕು, ನಾನು ಮೂರನೇ ವಾರಕ್ಕಿಂತ ಮೊದಲು ಮುಟ್ಟೋದಿಲ್ಲ. ಇಪ್ಪತ್ತೇಳರ ಕೆಳಗೆ ಬಂದ ದಿನ ಕ್ಯಾರೆಟ್, ಕೊತ್ತಂಬರಿ. ಕೊತ್ತಂಬರಿ ಬೇಗ ಹಾಕಿದ್ರೂ ಏಳುತ್ತೆ, ಆದ್ರೆ ಗೇಣುದ್ದ ಆಗೋದರೊಳಗೆ ಕಡ್ಡಿ ಎತ್ತಿ ಹೂ ಬಿಡುತ್ತೆ. ಕ್ಯಾರೆಟ್ ಎರಡು ವಾರ ಸತಾಯಿಸುತ್ತೆ, ಅಷ್ಟೂ ದಿನ ಮೇಲ್ಮಣ್ಣು ಒಂದು ಗಂಟೆಯೂ ಒಣಗಬಾರದು. ಸಾಲಿನ ಮೇಲೆ ಹಲಗೆ ಮುಚ್ಚೋದು ಎಲ್ಲರಿಗೂ ಗೊತ್ತು. ಬೀಜದ ಜೊತೆ ನಾನು ಇನ್ನೊಂದು ಬೀಜ ಬೆರೆಸ್ತೇನೆ, ಅದು ಯಾವುದು ಅನ್ನೋದು ನನ್ನ ಹತ್ತಿರವೇ ಇರಲಿ. ಗೆಳತಿಗೂ ಹೇಳಿಲ್ಲ.

ಲೆಟ್ಯೂಸಿಗೆ ಹಳೇ ಸೇಡು ಬಾಕಿ ಇತ್ತು. ಈ ಸಲ ಬೀಜವನ್ನ ಒದ್ದೆ ಕಾಗದದಲ್ಲಿ ಮಡಚಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಮೂರನೇ ದಿನ ಸಂಜೆ ತೆಗೆದು ಟ್ರೇ ಮೇಲೆ ಉದುರಿಸಿದೆ. ಮಣ್ಣು ಮುಚ್ಚಲಿಲ್ಲ, ಅದಕ್ಕೆ ಬೆಳಕು ಬೇಕು. ಪಕ್ಕದ ಟ್ರೇಗೆ ಅದೇ ಪೊಟ್ಟಣದ ಒಣ ಬೀಜ. ಎರಡೂ ಒಂದೇ ಕಿಟಕಿ, ಒಂದೇ ನೀರು. ಫ್ರಿಜ್ಜಿನದು ಐವತ್ತಕ್ಕೆ ನಲವತ್ತೊಂದು ಎದ್ದಿತು, ಒಣದ್ದು ಒಂಬತ್ತು. ಆ ಡಬ್ಬಿಯನ್ನ ನಮ್ಮನೆಯವರು ಕಾಮಕಸ್ತೂರಿ ಅಂತ ಶರಬತ್ತಿಗೆ ಹಾಕಿಕೊಳ್ಳುವುದರಲ್ಲಿದ್ದರು, ಕೈಯಿಂದ ಕಿತ್ಕೊಂಡೆ.

ಆ ಉಮೇದಿನಲ್ಲಿ ಬೆಳ್ಳುಳ್ಳಿಗೂ ಅದೇ ಮಾಡಿದೆ. ಬೆಳ್ಳುಳ್ಳಿಗೆ ಕೆಲವು ವಾರ ಚಳಿ ತಾಗದಿದ್ರೆ ಎಸಳು ಒಡೆಯಲ್ಲ, ಒಂದೇ ಉಂಡೆಯಾಗಿ ನಿಲ್ಲುತ್ತೆ. ಆರು ವಾರ ಫ್ರಿಜ್ಜಿನಲ್ಲಿಟ್ಟ ಎಸಳು ಅರ್ಧ ಮಡಿಗೆ, ಇಡದ್ದು ಇನ್ನರ್ಧಕ್ಕೆ. ಇಟ್ಟದ್ದು ಎಸಳೇನೋ ಒಡೆಯಿತು, ಗಡ್ಡೆ ಮಾತ್ರ ಹೆಬ್ಬೆರಳ ತುದಿಯಷ್ಟು. ಇಡದ್ದು ಬರೀ ಉಂಡೆ, ಆದ್ರೆ ಸಿಪ್ಪೆ ಸುಲಿಯೋಕೆ ಸುಲಭ ಅಂತ ಅಡುಗೆಮನೆಯಲ್ಲಿ ಅದಕ್ಕೇ ಮರ್ಯಾದೆ. ಪ್ರಯೋಗ ಗೆದ್ದಿತೋ ಸೋತಿತೋ ನೀವೇ ಹೇಳಿ.

ಎಲ್ಲಾ ಸರಿಯಾಯ್ತು ಅಂತ ಅಂದ್ಕೋಬೇಡಿ. ಎಲೆಕೋಸಿಗೆ ಚಳಿ ಒಣಗಾಳಿಯಲ್ಲಿ ಹೇನು ಮುತ್ತಿ ಹತ್ತು ಗಿಡ ಹೋಯಿತು. ಎಲೆ ಅಡಿ ನೋಡೋಕೆ ನಾನು ಒಂದು ವಾರ ತಪ್ಪಿಸಿದ್ದೇ ಕಾರಣ. ಬಟಾಣಿಗೆ ಕೊನೆ ಕೊನೆಗೆ ಬೂದಿರೋಗ ಬಂತು, ಆಗ ಕಾಯಿ ಮುಕ್ಕಾಲು ಕಿತ್ತಾಗಿತ್ತು, ಏನೂ ಸಿಂಪಡಿಸದೆ ಬಿಟ್ಟೆ. ಹೂಕೋಸು ಸಸಿಯನ್ನ ನಾನೇ ಎಬ್ಬಿಸಿ, ಸರಿಯಾಗಿ ನಾಲ್ಕು ವಾರಕ್ಕೆ ನೆಟ್ಟೆ, ಒಂದು ದಿನವೂ ಮೀರಿಸಲಿಲ್ಲ. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದು ಹೂ ಬಂತು. ದೊಡ್ಡದು ಒಂಬೈನೂರು ಗ್ರಾಂ ತೂಗಿತು. ಅದರ ಫೋಟೋ ಯಾರ್ಯಾರಿಗೆ ಕಳಿಸಿದ್ದೇನೆ ಅಂತ ಕೇಳಬೇಡಿ.

ಖರ್ಚಿನ ಪುಸ್ತಕದ ಪ್ರಕಾರ ಈ ವರ್ಷ ಹಾಕಿದ್ದು ಮೊದಲನೇ ವರ್ಷದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಕಾಟು ಹೊಡೆದ ಬೀಜ ಕೊಳ್ಳದಿದ್ದದ್ದೇ ದೊಡ್ಡ ಉಳಿತಾಯ. ನೆರಳುಬಲೆ ಮಾತ್ರ ದುಬಾರಿ ಆಯ್ತು, ಅದನ್ನ ನಾಲ್ಕು ವರ್ಷಕ್ಕೆ ಹಂಚಿ ಬರೆಯಿರಿ ಅಂದ್ರೆ ನಮ್ಮನೆಯವರು ಒಪ್ಪಲಿಲ್ಲ. ಬಲೆ ಪೂರಾ ಬರೆದ ಮೇಲೂ, ತರಕಾರಿ ಕೊಂಡಿದ್ರೆ ಆಗುತ್ತಿದ್ದ ಖರ್ಚಿಗಿಂತ ಮೂರನೇ ಒಂದು ಪಾಲು ಕಡಿಮೆಗೆ ಬಿದ್ದಿದೆ. ಅವರೇ ಕೂಡಿಸಿ, ಎರಡು ಸಲ ತಾಳೆ ನೋಡಿ, ಏನೂ ಮಾತಾಡದೆ ಪುಸ್ತಕ ಮುಚ್ಚಿದರು.

ನಿನ್ನೆ ಮಧ್ಯಾಹ್ನ 31 ತೋರಿಸಿತು. ಬಟಾಣಿ ಬಳ್ಳಿ ಬುಡಕ್ಕೇ ಕತ್ತರಿಸಿದೆ, ಬೇರು ಮಣ್ಣಲ್ಲೇ ಇರಲಿ ಅಂತ ಬಿಟ್ಟೆ. ಅದೇ ಚಪ್ಪರಕ್ಕೆ ಹೀರೆ ಹಬ್ಬಿಸಬೇಕು, ಬೆಂಡೆ ಬೀಜ ರಾತ್ರಿಯೇ ನೆನೆಹಾಕಿದ್ದೇನೆ. ಗೆಳತಿ ಬೆಳಗ್ಗೆ ಬೇಲಿ ಹತ್ತಿರ ನಿಂತು ಕೇಳಿದ್ರು, "ಮುಂದಿನ ಸಲ ಸೊನ್ನೆ ವಾರ ಯಾವತ್ತು ಬರುತ್ತೆ ಅಂತ ನನಗೂ ಹೇಳ್ತೀರಾ?" ಹೇಳ್ತೇನೆ ಅಂದೆ. ಕ್ಯಾರೆಟ್ ವಿಷಯ ಅವರೂ ಕೇಳಲಿಲ್ಲ, ನಾನೂ ತೆಗೀಲಿಲ್ಲ.