ಎಲೆ ಉದುರುವ ಕಾಲದಲ್ಲಿ ಮಗಳ ಜೊತೆ: ವಾಪಸ್ ಬರೋದನ್ನು ಕಲಿತಿದ್ದು

ಹೆಗಲ ಮೇಲೆ 14 ಕೆಜಿ ಮಗಳು, ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದು ಕೈಯಲ್ಲಿ ಅವಳ ಒದ್ದೆ ಬೂಟು. ಕಾಡಿನ ದಾರಿ. ಗಂಟೆ ಇನ್ನೂ ಆರೂವರೆ ಅಷ್ಟೆ, ಆದರೂ ಕಗ್ಗತ್ತಲು. ಮಗಳು ಅಳುತ್ತಿದ್ದಳು. ನಾನು ಅಳುವುದೊಂದು ಬಾಕಿ ಇತ್ತು. ಎಲೆಗಳ ಬಣ್ಣ ತೋರಿಸೋಣ ಅಂತ ಹೊರಟ ನಮ್ಮ ಮೊದಲ ಸುತ್ತಾಟ ಮುಗಿದಿದ್ದು ಹೀಗೆ.

ಆಗ ಅವಳಿಗೆ ಮೂರೂವರೆ ವರ್ಷ. ಹೋಗುವಾಗ ಎಲ್ಲ ಚೆನ್ನಾಗಿಯೇ ಇತ್ತು. ಒಂದು ಗಂಟೆ ನಡೆದಳು, ಓಡಿದಳು, ಎಲೆ ರಾಶಿಯಲ್ಲಿ ಬಿದ್ದು ಎದ್ದಳು. ಇಷ್ಟು ಖುಷಿಯಾಗಿದ್ದಾಳಲ್ಲ, ಕೆರೆವರೆಗೂ ಹೋಗಿಬಿಡೋಣ ಅಂದುಕೊಂಡೆ. ಕೆರೆ ಮುಟ್ಟಿದ ಐದು ನಿಮಿಷಕ್ಕೆ ಕೂತುಬಿಟ್ಟಳು. "ಕಾಲು ಖಾಲಿಯಾಯ್ತು ಅಪ್ಪ" ಅಂದಳು. ವಾಪಸ್ ಬರಲು ಅಷ್ಟೇ ದೂರ ಇತ್ತು. ಬೆಳಕು ಮಾತ್ರ ಅಷ್ಟು ಇರಲಿಲ್ಲ.

ಎರಡು ವರ್ಷದ ಸುತ್ತಾಟದಲ್ಲಿ ನಾನು ಕಲಿತಿದ್ದರಲ್ಲಿ ಮುಖ್ಯವಾದದ್ದು ಇದೇ: ಮಗು ಸುಸ್ತಾದಾಗ ವಾಪಸ್ ತಿರುಗಿದರೆ ತಡವಾಯಿತು ಅಂತಲೇ ಲೆಕ್ಕ. ಅದು ಖುಷಿಯಾಗಿ ಓಡುತ್ತಿರುವಾಗಲೇ ತಿರುಗಬೇಕು. ಈಗ ನನ್ನ ಲೆಕ್ಕ ಸರಳ. ಕೈಯಲ್ಲಿ ಒಂದೂವರೆ ಗಂಟೆ ಇದ್ದರೆ ಅರ್ಧ ಗಂಟೆ ಮುಂದಕ್ಕೆ, ಒಂದು ಗಂಟೆ ವಾಪಸ್‌ಗೆ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ. ಅದು ಹೊಡೆದರೆ ಮುಂದೆ ಎಷ್ಟೇ ಚಂದದ ಮರ ಕಂಡರೂ ತಿರುಗುವುದೇ.

ಬೆಳಕಿನ ವಿಷಯ ನನಗೆ ಗೊತ್ತಿದ್ದೂ ಎಡವಿದ್ದು. ಭೂಮಿಯ ಉತ್ತರಾರ್ಧದಲ್ಲಿ ಸೆಪ್ಟೆಂಬರ್ 22 ಅಥವಾ 23ಕ್ಕೆ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ. ಅಲ್ಲಿಂದ ಮುಂದೆ ಹಗಲಿಗಿಂತ ರಾತ್ರಿ ಉದ್ದ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಹಗಲು ಬೇಗ ಬೇಗ ಕರಗುತ್ತದೆ. 50 ಡಿಗ್ರಿ ಅಕ್ಷಾಂಶದ ಹತ್ತಿರ ದಿನಕ್ಕೆ ಮೂರರಿಂದ ನಾಲ್ಕು ನಿಮಿಷ. ವಾರಕ್ಕೊಮ್ಮೆ ಹೊರಗೆ ಹೋಗುವ ನಮ್ಮಂಥವರಿಗೆ ಅದು ಸುಮಾರು 25 ನಿಮಿಷ. ಹೋದ ಶನಿವಾರ ಬೆಳಕಿತ್ತಲ್ಲ ಅಂತ ಈ ಶನಿವಾರವೂ ಅದೇ ಹೊತ್ತಿಗೆ ಹೊರಟರೆ ಕತ್ತಲೆ ಎದುರಿಗೇ ಬರುತ್ತದೆ. ಅದಕ್ಕೇ ಈಗ ಮಧ್ಯಾಹ್ನದ ಸುತ್ತಾಟ ಬಿಟ್ಟು ಬೆಳಿಗ್ಗೆಯೇ ಹೊರಡುತ್ತೇವೆ. ಇದರಲ್ಲಿ ಇನ್ನೊಂದು ಲಾಭ ಸಿಕ್ಕಿತು. ಬೇಲಿಗಳ ಮೇಲಿನ ಜೇಡರ ಬಲೆಗೆಲ್ಲ ಇಬ್ಬನಿ ಕೂತಿರುತ್ತದೆ. ಮಧ್ಯಾಹ್ನ ಕಣ್ಣಿಗೇ ಬೀಳದ ಬಲೆಗಳು ಬೆಳಿಗ್ಗೆ ಹತ್ತಾರು ಕಾಣುತ್ತವೆ.

ಆದರೆ ಖುಷಿಯಲ್ಲಿರುವ ಮಗುವನ್ನು ವಾಪಸ್ ತಿರುಗಿಸುವುದು ಹೇಳಿದಷ್ಟು ಸುಲಭ ಅಲ್ಲ. "ಮನೆಗೆ ಹೋಗೋಣ" ಅಂದರೆ ರಂಪ. ನಾಲ್ಕೈದು ವಾರ ಏನೇನೋ ಪ್ರಯತ್ನಪಟ್ಟೆ. ಓಟದ ಪಂದ್ಯ, ಕಥೆ, ಕೊನೆಗೆ ಬಿಸ್ಕತ್ತಿನ ಲಂಚ. ಲಂಚ ಮೂರು ವಾರ ಕೆಲಸ ಮಾಡಿತು. ಆಮೇಲೆ ದರ ಏರಿತು.

ಕೊನೆಗೆ ಉಳಿದುಕೊಂಡ ಉಪಾಯ ಅವಳದೇ. ಒಂದು ದಿನ ಹೋಗುವಾಗ ಹಳದಿ ಎಲೆಯೊಂದನ್ನು ಕಡ್ಡಿಗೆ ಚುಚ್ಚಿ ದಾರಿ ಪಕ್ಕ ನೆಟ್ಟಳು, ಸುಮ್ನೆ ಆಟಕ್ಕೆ. ವಾಪಸ್ ಬರುವಾಗ ಅದನ್ನು ನೋಡಿ ಕಿರುಚಿಕೊಂಡು ಓಡಿದಳು. ಅವತ್ತಿನಿಂದ ಹೋಗುವಾಗ ಐದು ಗುರುತು ಇಡುತ್ತೇವೆ. ಒಂದು ಎಲೆ ಕಲ್ಲಿನ ಕೆಳಗೆ, ಒಂದು ಬೇಲಿಯ ತಂತಿಗೆ, ಒಂದು ಬೆಂಚಿನ ಸಂದಿಗೆ. ಈಗ ಅಲಾರಂ ಹೊಡೆದ ತಕ್ಷಣ ಅವಳೇ ತಿರುಗುತ್ತಾಳೆ. ಮನೆಗೆ ಹೋಗುವುದಕ್ಕಲ್ಲ, ತನ್ನ ಎಲೆ ಇದೆಯಾ ಅಥವಾ ಗಾಳಿ ಹೊತ್ತುಕೊಂಡು ಹೋಯಿತಾ ನೋಡುವುದಕ್ಕೆ. ಒಂದು ಸಲ ಮೂರನೇ ಗುರುತಿನ ಮೇಲೆ ಬಸವನಹುಳು ಕೂತಿತ್ತು. ಎಲೆಯ ಅಂಚು ಸ್ವಲ್ಪ ತಿಂದೂ ಇತ್ತು. ಹತ್ತು ನಿಮಿಷ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ವಾಪಸ್‌ಗೆ ಒಂದು ಗಂಟೆ ಇಟ್ಟುಕೊಂಡಿದ್ದು ಇದಕ್ಕೇ.

ಬಟ್ಟೆ ವಿಷಯ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದು ದಪ್ಪ ಬಟ್ಟೆ ಬದಲು ತೆಳ್ಳಗಿನ ಎರಡು ಮೂರು ಪದರ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈ ತಣ್ಣಗಾಗಿಸುತ್ತದೆ. ಬೂಟಿನೊಳಗೆ ಎರಡು ಜೊತೆ ಸಾಕ್ಸ್ ಹಾಕಿದರೆ ಬೆಚ್ಚಗಿರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಬೂಟು ಬಿಗಿಯಾಗಿ ಬೆರಳು ಇನ್ನೂ ತಣ್ಣಗಾದವು. ಒಂದೇ ಜೊತೆ ಸಾಕು, ಇನ್ನೆರಡು ಜೊತೆ ಚೀಲದಲ್ಲಿರಲಿ. ಕಾರಿನಲ್ಲಿ ಹೋಗುವವರಿಗೆ ಮಾತ್ರ ಒಂದು ಮಾತು: ಮಗುವಿನ ಸೀಟಿನ ಬೆಲ್ಟ್ ಹಾಕುವ ಮೊದಲು ಉಬ್ಬಿದ ಜಾಕೆಟ್ ತೆಗೆಯಿರಿ. ಜಾಕೆಟ್ ಮೇಲೆ ಬೆಲ್ಟ್ ಹಾಕಿದರೆ ಬಿಗಿಯಾದಂತೆ ಕಾಣುತ್ತದೆ. ಗುದ್ದಿದಾಗ ಜಾಕೆಟ್ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಬಿಗಿದ ಮೇಲೆ ಜಾಕೆಟ್ಟನ್ನು ಹೊದಿಕೆಯಂತೆ ಹೊದಿಸಿದರಾಯಿತು.

ಇನ್ನೊಂದು, ಉಣ್ಣೆ. ಸ್ವೆಟರಿನ ಉಣ್ಣೆ ಅಲ್ಲ, ರಕ್ತ ಹೀರುವ ಉಣ್ಣೆ. ಚಳಿ ಶುರುವಾಯಿತು ಅಂದ ಮಾತ್ರಕ್ಕೆ ಅವು ಮಾಯವಾಗುವುದಿಲ್ಲ. ಹುಲ್ಲು, ಎಲೆ ರಾಶಿಗಳಲ್ಲಿ ಇರುತ್ತವೆ. ಮನೆಗೆ ಬಂದ ಮೇಲೆ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ, ಕೂದಲಿನ ಅಂಚು ನೋಡುತ್ತೇನೆ. ಒಂದೇ ಸಲ ಸಿಕ್ಕಿತ್ತು. ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆದೆ. ಮಗಳಿಗೆ ಗೊತ್ತೂ ಆಗಲಿಲ್ಲ. ನನ್ನ ಕೈ ಮಾತ್ರ ನಡುಗುತ್ತಿತ್ತು.

ಈಗ ಎಲೆಗಳ ವಿಷಯ. "ಹಸಿರು ಎಲ್ಲಿ ಹೋಯ್ತು?" ಅಂತ ಅವಳು ಕೇಳಿದಾಗ ನಾನು ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಂಡು ಹೇಳಿದೆ. ಹಸಿರು ಅಂದರೆ ಎಲೆಯ ಅಡುಗೆ ಮಾಡುವ ಬಣ್ಣ. ಹಗಲು ಚಿಕ್ಕದಾದ ಮೇಲೆ ಮರ ಅಡುಗೆಮನೆ ಮುಚ್ಚುತ್ತದೆ, ಹಸಿರನ್ನು ಒಡೆದು ಬೇಕಾದ ಸಾಮಾನು ಒಳಗೆ ಎಳೆದುಕೊಳ್ಳುತ್ತದೆ. ಹಳದಿ ಹೊಸದಾಗಿ ಬಂದದ್ದಲ್ಲ, ಮೊದಲೇ ಹಸಿರಿನ ಕೆಳಗೆ ಅಡಗಿತ್ತು. ಇಷ್ಟು ಹೇಳಿದ್ದೇ ತಡ, ಅವಳು ಒಂದು ಹಸಿರೆಲೆ ಕಿತ್ತು ಉಗುರಿನಿಂದ ಕೆರೆಯಲು ಶುರುಮಾಡಿದಳು. ಹಳದಿ ಹುಡುಕುವುದಕ್ಕೆ. ಸಿಗಲಿಲ್ಲ. "ನೀನು ಸುಳ್ಳು ಹೇಳ್ತೀಯ" ಅಂದಳು.

ಮಾನ ಉಳಿಸಿಕೊಳ್ಳಬೇಕಿತ್ತು. ಮಳೆ ಹಿಡಿದ ಒಂದು ಶನಿವಾರ ಮನೆಯಲ್ಲೇ ಮಾಡಿ ತೋರಿಸಿದೆ. ಹಸಿರೆಲೆಗಳನ್ನು ಚೂರು ಚೂರು ಮಾಡಿ ಗಾಜಿನ ಲೋಟಕ್ಕೆ ಹಾಕಿ, ಗಾಯ ಒರೆಸುವ ಸ್ಪಿರಿಟ್ ಮುಳುಗುವಷ್ಟು ಸುರಿದೆ. ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆ. ಒಲೆ ಮೇಲೆ ಅಲ್ಲ. ಸ್ಪಿರಿಟ್ ಹತ್ತಿರ ಬೆಂಕಿ ಸುಳಿಯಬಾರದು. ಕಿಟಕಿ ತೆರೆದಿತ್ತು, ಮಗಳು ಎರಡು ಮಾರು ದೂರ ಕುರ್ಚಿ ಮೇಲಿದ್ದಳು. ಅರ್ಧ ಗಂಟೆಗೆ ಸ್ಪಿರಿಟ್ ಕಡು ಹಸಿರಾಯಿತು. ಕಾಫಿ ಸೋಸುವ ಕಾಗದದ ಪಟ್ಟಿಯ ತುದಿ ಅದರಲ್ಲಿ ಅದ್ದಿ ನೇತುಹಾಕಿದೆವು. ಒಂದು ಗಂಟೆಯ ಮೇಲೆ ಪಟ್ಟಿಯಲ್ಲಿ ಹಸಿರು ಒಂದು ಕಡೆ, ಅದಕ್ಕಿಂತ ಮೇಲೆ ಸಣ್ಣ ಹಳದಿ ಗೆರೆ. ತೆಳ್ಳಗಿತ್ತು, ಆದರೆ ಇತ್ತು. ಅವಳು ಅದನ್ನು ತುಂಬಾ ಹೊತ್ತು ನೋಡಿ, "ಕೆಂಪು?" ಅಂದಳು. ಕೆಂಪಿನ ಕಥೆ ಬೇರೆ. ತುಂಬಾ ಮರಗಳಲ್ಲಿ ಅದು ಮೊದಲು ಇರುವುದಿಲ್ಲ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಕಾಲಕ್ಕೆ ತಯಾರಾಗುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ, ಆದರೆ ನೀರು ಹೆಪ್ಪುಗಟ್ಟುವಷ್ಟಲ್ಲ, ಅಂಥ ವರ್ಷ ಕೆಂಪು ಜೋರು. ಇದನ್ನು ಹೇಳುವಷ್ಟರಲ್ಲಿ ಅವಳು ಕುರ್ಚಿಯಿಂದ ಇಳಿದು ಹೋಗಿದ್ದಳು.

ಆರಿಸಿ ತರುವ ಸಾಮಾನುಗಳಲ್ಲಿ ಮೇಪಲ್ ಬೀಜಕ್ಕೆ ಅವಳ ಓಟು. ಒಂದೇ ರೆಕ್ಕೆ, ಒಂದು ತುದಿಗೆ ಬೀಜದ ಭಾರ. ಮೇಲಿಂದ ಬಿಟ್ಟರೆ ಗಿರಗಿರ ತಿರುಗುತ್ತಾ ಇಳಿಯುತ್ತದೆ. ರೆಕ್ಕೆ ಮುರಿದು ಬಿಟ್ಟರೆ ಕಲ್ಲಿನಂತೆ ಬೀಳುತ್ತದೆ. ಬೆಂಚಿನ ಮೇಲೆ ನಿಂತು ಒಂದು ರೆಕ್ಕೆಯದು, ಒಂದು ಮುರಿದದ್ದು ಒಟ್ಟಿಗೆ ಬಿಡುವುದು, ಇದನ್ನು ಇಪ್ಪತ್ತು ಸಲ ಮಾಡಿದ್ದೇವೆ. ನಿಜ ಹೇಳಬೇಕೆಂದರೆ ಹತ್ತನೇ ಸಲಕ್ಕೆ ನನಗೆ ಬೇಜಾರಾಗಿತ್ತು.

ಓಕ್ ಕಾಯಿಗಳದ್ದು ಇನ್ನೊಂದು ಕಥೆ. ಟೋಪಿ ಹಾಕಿಕೊಂಡ ಪುಟ್ಟ ಕಾಯಿಗಳು, ಮಕ್ಕಳು ಬಿಡುವುದಿಲ್ಲ. ಒಂದು ಸಲ ಮೂವತ್ತೋ ನಲವತ್ತೋ ತಂದು ಕಿಟಕಿ ಹತ್ತಿರ ಬಟ್ಟಲಲ್ಲಿ ಇಟ್ಟಳು. ನಾಲ್ಕನೇ ದಿನ ಬೆಳಿಗ್ಗೆ ನನ್ನ ಹೆಂಡತಿ ಕೂಗಿದ ಕೂಗಿಗೆ ಎದ್ದು ಬಂದೆ. ಬಟ್ಟಲಿನ ಸುತ್ತ ಅಕ್ಕಿಕಾಳಿಗಿಂತ ಕೊಂಚ ದಪ್ಪನೆಯ ಬಿಳಿ ಹುಳುಗಳು ಕಿಟಕಿಯ ಅಂಚಿನ ಮೇಲೆ ಸೊಂಟ ಕುಣಿಸುತ್ತಾ ಹೊರಟಿದ್ದವು. ಒಂದು ಜಾತಿಯ ಮೂತಿಹುಳು ಕಾಯಿ ಮರದಲ್ಲಿದ್ದಾಗಲೇ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಕಾಯಿ ನೆಲಕ್ಕೆ ಬಿದ್ದ ಮೇಲೆ ಮರಿಹುಳು ದುಂಡಗೆ ತೂತು ಕೊರೆದು ಹೊರಬಂದು ಮಣ್ಣು ಹುಡುಕುತ್ತದೆ. ನಮ್ಮ ಕಿಟಕಿಯಲ್ಲಿ ಮಣ್ಣು ಇರಲಿಲ್ಲ ಅಷ್ಟೆ. ಹೆಂಡತಿಗೆ ಅಸಹ್ಯ, ಮಗಳಿಗೆ ಹಬ್ಬ. "ಮನೆ ಬಾಗಿಲು ಇದೇನಾ?" ಅಂತ ಒಂದೊಂದು ಕಾಯಿಯ ತೂತಿಗೂ ಕಣ್ಣಿಟ್ಟು ನೋಡಿದಳು. ಎಲ್ಲ ಹುಳುಗಳನ್ನೂ ಕಾಗದದ ಮೇಲೆ ಹತ್ತಿಸಿ ಹೊರಗೆ ಮರದ ಬುಡಕ್ಕೆ ಬಿಟ್ಟು ಬಂದೆವು. ಈಗ ಕಾಯಿ ತಂದ ತಕ್ಷಣ ನೀರಿನ ಬಕೆಟ್ಟಿಗೆ. ತೇಲಿದವು ಹೆಚ್ಚಾಗಿ ಟೊಳ್ಳು, ಅವು ವಾಪಸ್ ಕಾಡಿಗೆ. ಮುಳುಗಿದವನ್ನೂ ಮುಚ್ಚಳ ಇರುವ ಡಬ್ಬದಲ್ಲೇ ಇಡುತ್ತೇವೆ. ಇದು ಹೆಂಡತಿಯ ಷರತ್ತು.

ಅಣಬೆಗೆ ನಮ್ಮಲ್ಲಿ ಬೇರೆ ಕಾನೂನು: ನೋಡುವುದು ಕಣ್ಣಲ್ಲಿ, ಮುಟ್ಟುವುದು ಕಡ್ಡಿಯಲ್ಲಿ. ಹಾರ್ಸ್ ಚೆಸ್ಟ್‌ನಟ್ ಬೀಜ ಪಾಲಿಶ್ ಮಾಡಿದಂತೆ ಹೊಳೆಯುತ್ತದೆ, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ, ಆದರೆ ಹೊಟ್ಟೆಗೆ ಹೋದರೆ ವಿಷ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿದ್ದರೆ ಇವನ್ನೆಲ್ಲ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ.

ನಾವು ಸುತ್ತುವ ಜಾಗ ಈಗ ಒಂದೇ. ಮನೆಯಿಂದ ನಡೆದು ಹೋಗುವಷ್ಟು ದೂರ. ಅದರ ಹಾದಿಯಲ್ಲೇ ಒಂದು ಗಿಂಕ್ಗೊ ಮರ ಇದೆ, ಬೀಸಣಿಗೆಯಂಥ ಎಲೆ. ಅದೂ ಹೆಣ್ಣು ಮರ. ಅದರ ಹಣ್ಣಿನಂಥ ಬೀಜ ಬಿದ್ದು ತುಳಿದರೆ ಕೆಟ್ಟ ಬೆಣ್ಣೆಯ ನಾತ. ಮೊದಲ ವರ್ಷ ಮಗಳು ಅದಕ್ಕೆ "ಗಬ್ಬು ಮರ" ಅಂತ ಹೆಸರಿಟ್ಟಳು. ಮೂಗು ಹಿಡಿದುಕೊಂಡು ಓಡುವುದು ಅಲ್ಲಿಯ ಆಟ. ಈ ಮರದ ಇನ್ನೊಂದು ಗುಣ ಓದಿ ಗೊತ್ತಿತ್ತು. ಬೇರೆ ಮರಗಳು ವಾರಗಟ್ಟಲೆ ಒಂದೊಂದಾಗಿ ಎಲೆ ಉದುರಿಸುತ್ತವೆ. ಗಿಂಕ್ಗೊ ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದ ರಾತ್ರಿ ಕಳೆದ ಮೇಲೆ ಹೆಚ್ಚುಕಮ್ಮಿ ಎಲ್ಲವನ್ನೂ ಒಟ್ಟಿಗೇ ಬಿಟ್ಟುಬಿಡುತ್ತದೆ. ಕಳೆದ ವರ್ಷ ನಾವು ಹೋಗುವಷ್ಟರಲ್ಲಿ ಮರ ಬೋಳಾಗಿತ್ತು.

ಈ ಸಲ ಶನಿವಾರ ನೋಡಿದಾಗ ಪೂರ್ತಿ ಹಳದಿ, ಒಂದು ಎಲೆಯೂ ಬಿದ್ದಿರಲಿಲ್ಲ. ಮಂಗಳವಾರ ರಾತ್ರಿ ಅಂಥ ಚಳಿ ಬಿತ್ತು. ಬುಧವಾರ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡಲು ಅದೇ ಹಾದಿಯಲ್ಲಿ ಹೊರಟಿದ್ದೆವು, ಎಂದಿನಂತೆ ತಡವಾಗಿ. ಮರದ ಹತ್ತಿರ ಬಂದಾಗ ಮಗಳು ನಿಂತಳು. ಗಾಳಿಯೇ ಇರಲಿಲ್ಲ. ಆದರೂ ಎಲೆ ಬೀಳುತ್ತಿತ್ತು. ಒಂದೆರಡಲ್ಲ, ಸುರಿಯುತ್ತಿತ್ತು. ಪಟ ಪಟ ಅಂತ ಸಣ್ಣ ಮಳೆಯಂಥ ಸದ್ದು. ಬುಡದಲ್ಲಿ ಆಗಲೇ ಪಾದ ಮುಳುಗುವಷ್ಟು ಹಳದಿ. ಆಫೀಸಿಗೆ ಫೋನ್ ಮಾಡಿ ಅರ್ಧ ಗಂಟೆ ತಡ ಅಂದೆ, ಕಾರಣ ಹೇಳಲಿಲ್ಲ. ಅವಳು ಚೀಲ ಬೆನ್ನಿಗಿದ್ದ ಹಾಗೇ ಮರದ ಕೆಳಗೆ ನಿಂತು ಮುಖ ಮೇಲೆತ್ತಿದಳು. ಟೋಪಿ ಮೇಲೆ, ಹೆಗಲ ಮೇಲೆ ಎಲೆ. ಗಬ್ಬು ನಾತವೂ ಇತ್ತು, ಮೂಗು ಹಿಡಿಯುವುದನ್ನು ಮರೆತಿದ್ದಳು.

"ಅಪ್ಪ, ಇವತ್ತು ಶನಿವಾರಾನಾ?"

"ಅಲ್ಲ ಪುಟ್ಟಿ, ಬುಧವಾರ."

"ಹಾಗಾದ್ರೆ ಶನಿವಾರಾನೂ ಬರಬೇಕು" ಅಂದು, ಒಂದು ಎಲೆ ಆರಿಸಿ ಬೇಲಿಯ ತಂತಿಗೆ ಸಿಕ್ಕಿಸಿದಳು.