ಬಾಣಂತಿ ಮನೆಯಲ್ಲಿ ಮೊದಲು ಅಜ್ಜಿ ಹತ್ತಿರ ಕೂರುತ್ತೇನೆ

ನಾನು ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆರು ಸಲ ಹೋಗುತ್ತೇನೆ: 3, 7, 14, 21, 28 ಮತ್ತು 42ನೇ ದಿನ. ಹೋದ ಕೂಡಲೇ ಸೋಪು ಹಚ್ಚಿ ಕೈ ತೊಳೆಯುವುದು, ಆಮೇಲೇ ಮಗು ಮುಟ್ಟುವುದು.

ಮೊದಮೊದಲು ಬಾಣಂತಿ ಜೊತೆ ಮಾತ್ರ ಮಾತಾಡುತ್ತಿದ್ದೆ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅನ್ನುತ್ತಿದ್ದೆ. ಅವಳು ಸುಮ್ನೆ ತಲೆಯಾಡಿಸುತ್ತಿದ್ದಳು. ಮುಂದಿನ ಸಲ ಹೋದರೆ ಒಳಲೆಯಲ್ಲಿ ಸಕ್ಕರೆ ನೀರು! ಬಾಣಂತನ ಮಾಡುವವರು ಅವಳಮ್ಮ ಅಲ್ವಾ? ಅವರನ್ನು ಬಿಟ್ಟು ಮಾತಾಡಿದ್ದು ನನ್ನದೇ ತಪ್ಪು.

ಒಂದು ಮನೆ ಚೆನ್ನಾಗಿ ನೆನಪಿದೆ. ಹುಟ್ಟಿದಾಗ ಮಗು 2 ಕೆಜಿ 400 ಗ್ರಾಂ. ಏಳನೇ ದಿನ ಜೋಲಿಯಲ್ಲಿ ತೂಗಿದರೆ 2 ಕೆಜಿ 300. ಮೊದಲ ವಾರ ತೂಕ ಸ್ವಲ್ಪ ಇಳಿಯುವುದು ಸಹಜ, ಆದರೆ ಅಜ್ಜಿ ಹೆದರಿದ್ದರು. “ಹಾಲು ಸಾಲ್ತಿಲ್ಲ ಕಣಮ್ಮ, ರಾತ್ರಿಯೆಲ್ಲ ಅಳುತ್ತೆ. ಕತ್ತೆ ಹಾಲು ಹಾಕಿಸೋಣ ಅಂತಿದ್ದೆ.”

ನಾನು ವಾದಕ್ಕೆ ಹೋಗಲಿಲ್ಲ. “ಅಜ್ಜಿ, ಹಾಲು ಕುಡಿಸೋದನ್ನ ಇಬ್ಬರೂ ಒಂದ್ಸಲ ನೋಡೋಣ ಬನ್ನಿ” ಅಂದೆ.

ಬಾಣಂತಿ ಮುಂದಕ್ಕೆ ಬಗ್ಗಿ ಕೂತಿದ್ದಳು. ಮಗುವಿನ ಬಾಯಲ್ಲಿ ಬರೀ ತೊಟ್ಟು. ಚಪ್ ಚಪ್ ಸದ್ದು. ಬೆನ್ನಿಗೆ ದಿಂಬು ಕೊಟ್ಟೆವು. ಮಗುವಿನ ಹೊಟ್ಟೆ ತಾಯಿ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿದೆ. ಅದು ಬಾಯಿ ಅಗಲವಾಗಿ ತೆರೆದಾಗ ಎದೆಗೆ ಹಿಡಿದೆವು. ತೊಟ್ಟಿನ ಸುತ್ತಲ ಕಪ್ಪು ಭಾಗವೂ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ನುಂಗುವ ಸದ್ದು. ಅದನ್ನು ಮೊದಲು ಕೇಳಿಸಿಕೊಂಡವರು ಅಜ್ಜಿಯೇ.

ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಅಂತ ಲೆಕ್ಕ ಎಂದೆ. ಹದಿನಾಲ್ಕನೇ ದಿನ ಹೋದಾಗ ಗೋಡೆ ಮೇಲೆ ಇದ್ದಿಲಲ್ಲಿ ಸಾಲು ಸಾಲು ಗೀಟು. ಅಜ್ಜಿ ಎಣಿಸಿಟ್ಟಿದ್ದರು. ಮಗು ಎರಡೂವರೆ ಕೆಜಿ ಆಗಿತ್ತು.

ಕತ್ತೆ ಹಾಲಿನ ಮಾತು ಮತ್ತೆ ಬರಲಿಲ್ಲ. ಹಗುರ ಕೈಯಲ್ಲಿ ಎಣ್ಣೆ ಸವರುವುದಕ್ಕೆ ನಾನೂ ಅಡ್ಡ ಬರಲಿಲ್ಲ. ಸಾಂಬ್ರಾಣಿ ಹೊಗೆ ಮಾತ್ರ ಮಗುವಿರುವ ಕೋಣೆಯಲ್ಲಿ ಬೇಡ ಅಂದೆ, ಒಪ್ಪಿದರು.

ಎಲ್ಲದಕ್ಕೂ ಹೀಗೆ ನಿಧಾನ ಮಾಡುವುದಿಲ್ಲ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಜ್ಜಿಗೆ ಒಂದೇ ಮಾತು: “ಮೊದಲು ಆಸ್ಪತ್ರೆ.” ಹೇಳುತ್ತಲೇ 108ಕ್ಕೆ ಫೋನ್ ಹಚ್ಚಿರುತ್ತೇನೆ.